48 ಸಾವಿರ ವ್ಯೂ, ಆರ್ಡರ್ ಮೂರೇ ಮೂರು! ಹಪ್ಪಳ ಮಾರುವುದು ಹೇಗೆ ಮಾರಾಯ್ರೆ?

ಹಲಸಿನ ಸೊಳೆ · ಮೇ 11, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಮ್ಮದು ಕಟಪಾಡಿ ಹತ್ತಿರ. ನಾನು, ಅತ್ತೆ, ಪಕ್ಕದ ಮನೆಯ ಇಬ್ಬರು ಸೇರಿ ನಾಲ್ಕು ವರ್ಷದಿಂದ ಹಲಸಿನ ಹಪ್ಪಳ ಮಾಡುತ್ತಿದ್ದೇವೆ. ಜೊತೆಗೆ ಬಾಳಕ ಮೆಣಸು, ಸ್ವಲ್ಪ ಮಿಡಿ ಉಪ್ಪಿನಕಾಯಿ. ಉಡುಪಿಯ ಎರಡು ಅಂಗಡಿಗೆ ಕೊಡುತ್ತೇವೆ. ಅಂಗಡಿಯವರು ದುಡ್ಡು ಕೊಡುವಾಗ ಎರಡು ತಿಂಗಳು ಕಳೆದಿರುತ್ತದೆ. ಹಾಗಾಗಿ ನೇರ ಮಾರುವ ಅಂತ ಇನ್‌ಸ್ಟಾಗ್ರಾಂ ಪೇಜ್ ಮಾಡಿದೆವು.

ತಂಗಿಯ ಮಗ ಚಂದದ ಒಂದು ರೀಲ್ಸ್ ಮಾಡಿಕೊಟ್ಟ. ಅತ್ತೆ ಹಪ್ಪಳ ಒತ್ತುವುದು, ಅಂಗಳದ ಚಾಪೆಯಲ್ಲಿ ಒಣಗಿಸುವುದು, ಎಲ್ಲ ಉಂಟು ಅದರಲ್ಲಿ. ದುಡ್ಡು ಕೊಟ್ಟರೆ ಜಾಸ್ತಿ ಜನರಿಗೆ ತೋರಿಸುತ್ತದಲ್ಲ, ಕೆಳಗೆ ಇರುವ ಆ ಬೂಸ್ಟ್ ಬಟನ್ ಒತ್ತಿ 6,000 ರೂಪಾಯಿ ಹಾಕಿದೆ. ಅದರ ಮೇಲೆ 18% ಜಿಎಸ್‌ಟಿ, ಒಟ್ಟು 7,080. ವ್ಯೂ 48 ಸಾವಿರ ದಾಟಿತು. ಲೈಕ್ ತುಂಬ ಬಂತು. ಆರ್ಡರ್ ಬಂದದ್ದು ಮೂರು. ಅದರಲ್ಲಿ ಒಬ್ಬಳು ನನ್ನ ನಾದಿನಿ.

ಅತ್ತೆ ದಿನಾ ಕೇಳುತ್ತಾರೆ, "ಅಷ್ಟು ಜನ ನೋಡಿದ್ದಾರಲ್ಲ, ಯಾರಿಗೂ ಹಸಿವೆ ಇಲ್ಲವಾ?" ಅಂತ. ಏನು ಉತ್ತರ ಕೊಡುವುದು? ಎಲ್ಲಿ ತಪ್ಪಿದೆ ಹೇಳಿ.

ಬಂದರಿನ ಗೋಣಿ · ಮೇ 11, ರಾತ್ರಿ 10.05

ತಪ್ಪಿದ್ದು ಆ 7,080ರಲ್ಲಿ. ನಾನು ಮಂಗಳೂರು ಬಂದರಿನಲ್ಲಿ 26 ವರ್ಷದಿಂದ ಅಂಗಡಿ ಇಟ್ಟುಕೊಂಡಿದ್ದೇನೆ. ಒಂದು ರೂಪಾಯಿ ಜಾಹೀರಾತಿಗೆ ಹಾಕಿದವನಲ್ಲ. ಮಾಲು ಒಳ್ಳೆಯದಿದ್ದರೆ ಗಿರಾಕಿ ಹುಡುಕಿಕೊಂಡು ಬರುತ್ತಾನೆ.

ಮಣಿಪಾಲ ಮೆಸ್ · ಮೇ 11, ರಾತ್ರಿ 10.20

ಬಂದರಿನ ಅಂಗಡಿಗೆ ಹುಡುಕಿಕೊಂಡು ಬರುತ್ತಾರೆ, ಹೌದು. ಅಕ್ಕನ ಮನೆ ಇರುವುದು ಗದ್ದೆಯ ಆಚೆ. ಹುಡುಕುವವನಿಗೆ ದಾರಿ ಗೊತ್ತಾಗಬೇಕಲ್ಲ ಅಣ್ಣ?

ಕದ್ರಿ ಗುಡ್ಡೆ · ಮೇ 11, ರಾತ್ರಿ 11.15

ಅಕ್ಕ, ನಾನು ಇದೇ ಕೆಲಸ ಮಾಡುವವನು. ಮಂಗಳೂರಿನ ಸಣ್ಣಪುಟ್ಟ ಅಂಗಡಿಗಳ ಜಾಹೀರಾತು ನೋಡಿಕೊಳ್ಳುತ್ತೇನೆ. ಮೊದಲು ಎರಡು ವಿಷಯ ನೋಡಿ ಹೇಳಿ. ಬೂಸ್ಟ್ ಮಾಡುವಾಗ ಗುರಿ ಅಂತ ಯಾವುದನ್ನು ಆರಿಸಿದಿರಿ? ಪ್ರೊಫೈಲ್ ಭೇಟಿಯಾ, ಮೆಸೇಜಾ? ಮತ್ತೆ, ಊರು ಯಾವುದು ಕೊಟ್ಟಿರಿ? ಇನ್‌ಸೈಟ್ಸ್ ತೆರೆದರೆ ಯಾವ ಊರಿನವರು, ಯಾವ ವಯಸ್ಸಿನವರು ನೋಡಿದ್ದಾರೆ ಅಂತ ಇರುತ್ತದೆ.

ಹಲಸಿನ ಸೊಳೆ · ಮೇ 12, ಬೆಳಿಗ್ಗೆ 6.30

ನೋಡಿದೆ. ಗುರಿ ಪ್ರೊಫೈಲ್ ಭೇಟಿ. ಊರು ಏನೂ ಕೊಟ್ಟಿಲ್ಲ, ಅದೇ ತಾನಾಗಿ ಆರಿಸುತ್ತದೆ ಅಂತ ಇತ್ತು, ಹಾಗೇ ಬಿಟ್ಟೆ. ಈಗ ನೋಡಿದರೆ ಜಾಸ್ತಿ ನೋಡಿದ್ದು 18ರಿಂದ 24ರ ಹುಡುಗರು. ಊರುಗಳ ಪಟ್ಟಿಯಲ್ಲಿ ಹೈದರಾಬಾದ್ ಉಂಟು, ಲಕ್ನೋ ಉಂಟು. ಉಡುಪಿ ಇಲ್ಲ! ನಗಬೇಕೋ ಅಳಬೇಕೋ ಗೊತ್ತಾಗುತ್ತಿಲ್ಲ.

ಕದ್ರಿ ಗುಡ್ಡೆ · ಮೇ 12, ಬೆಳಿಗ್ಗೆ 8.10

ಹಾಗಾದರೆ ಯಂತ್ರ ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ನೀವು ಭೇಟಿ ಕೇಳಿದಿರಿ, ಅದು ಕಡಿಮೆ ದುಡ್ಡಿಗೆ ಭೇಟಿ ಕೊಡುವವರನ್ನು ಹುಡುಕಿ ತಂದಿತು. ಬಿಟ್ಟಿ ಸಮಯ ಇರುವ ಹುಡುಗರು ಸಿಕ್ಕಿದ್ದನ್ನೆಲ್ಲ ಒತ್ತುತ್ತಾರೆ. ಹಪ್ಪಳ ಕೊಳ್ಳುವುದು ಮನೆ ನಡೆಸುವವರು. ಮೆಸೇಜ್ ಬೇಕು ಅಂತ ಕೇಳಿದ್ದರೆ ಅದು ಬೇರೆ ಜನರನ್ನು ಹುಡುಕುತ್ತಿತ್ತು.

ಬೂಸ್ಟ್ ಬಟನ್ ಬಿಟ್ಟು, ಇನ್‌ಸ್ಟಾ ಜಾಹೀರಾತು ಮಾಡಲು ಬೇರೆಯೇ ಇರುವ ಆಡ್ಸ್ ಮ್ಯಾನೇಜರ್‌ಗೆ ಹೋಗಿ. ಅಲ್ಲಿ ಒತ್ತಿದ ಕೂಡಲೇ ವಾಟ್ಸಾಪ್ ತೆರೆಯುವ ಜಾಹೀರಾತು ಮಾಡಬಹುದು. ಊರು ಬೆಂಗಳೂರು, ಮುಂಬಯಿ ಅಂತ ಕೊಡಿ. ಅದು ಕೂಡ ಈಗಲೇ ಬೇಡ. ಮೊದಲು ಬಾಕಿ ಕೆಲಸ ಮುಗಿಸಿ. ಬಕೆಟ್‌ನಲ್ಲಿ ತೂತು ಇಟ್ಟುಕೊಂಡು ನೀರು ಸೇದಿದರೆ ಎಂತ ಪ್ರಯೋಜನ?

ಅಂಧೇರಿ ಬಾಡಿಗೆ ಮನೆ · ಮೇ 12, ಬೆಳಿಗ್ಗೆ 9.25

ತೂತು ಎಲ್ಲಿ ಅಂತ ನಾನು ಹೇಳುತ್ತೇನೆ. ನಾನು ಕೊಳ್ಳುವವಳು. ಊರು ಶಿರ್ವ, ಇರುವುದು ಮುಂಬಯಿಯಲ್ಲಿ. ಮಳೆಗಾಲದಲ್ಲಿ ನಮಗೆ ಹಪ್ಪಳ ಬೇಕೇ ಬೇಕು. ಹೋದ ವರ್ಷ ಇನ್‌ಸ್ಟಾದಲ್ಲಿ ನಾಲ್ಕು ಪೇಜ್ ನೋಡಿದೆ. ಒಂದರಲ್ಲೂ ಬೆಲೆ ಇಲ್ಲ! ಕಮೆಂಟ್‌ನಲ್ಲಿ "ರೇಟ್ ಎಷ್ಟು" ಅಂತ 30 ಜನ ಕೇಳಿದ್ದಾರೆ, ಎಲ್ಲರಿಗೂ ಒಂದೇ ಉತ್ತರ, "ಡಿಎಂ ನೋಡಿ". ಡಿಎಂ, ಅಂದರೆ ಖಾಸಗಿ ಮೆಸೇಜ್, ಮಾಡಿದರೆ ಎರಡು ದಿನಕ್ಕೆ ಉತ್ತರ. ಅಷ್ಟರಲ್ಲಿ ಮಾಟುಂಗದ ಅಂಗಡಿಯಿಂದ ತಂದು ಹುರಿದು ತಿಂದೂ ಆಗಿರುತ್ತದೆ.

ಬೆಲೆ, ಎಷ್ಟು ಹಪ್ಪಳದ ಕಟ್ಟು, ಮುಂಬಯಿಗೆ ಕಳಿಸಲು ಎಷ್ಟು, ಯಾವಾಗ ಸಿಗುತ್ತದೆ. ಇಷ್ಟು ಬರೆದರೆ ಮುಗಿಯಿತು. ಡ್ರೋನ್ ಶಾಟ್ ಯಾರಿಗೆ ಬೇಕು?

ಹಲಸಿನ ಸೊಳೆ · ಮೇ 12, ಮಧ್ಯಾಹ್ನ 1.50

ಅಯ್ಯೋ, ನಾನೂ ಡಿಎಂ ನೋಡಿ ಅಂತಲೇ ಬರೆದಿದ್ದೇನೆ. ಎಲ್ಲರೂ ಹಾಗೆ ಮಾಡುತ್ತಾರಲ್ಲ ಅಂತ ಸುಮ್ನೆ ಮಾಡಿದ್ದು. ಬೇರೆಯವರು ನಮ್ಮ ರೇಟ್ ನೋಡಿ ಎರಡು ರೂಪಾಯಿ ಕಡಿಮೆ ಇಟ್ಟರೆ ಅನ್ನುವ ಹೆದರಿಕೆ ಕೂಡ ಇತ್ತು.

ಬಂದರಿನ ಗೋಣಿ · ಮೇ 12, ಮಧ್ಯಾಹ್ನ 2.15

ನಿಮ್ಮ ರೇಟ್ ಬೇಕಿದ್ದವನು ಅಂಗಡಿಗೆ ಹೋಗಿ ಪ್ಯಾಕೆಟ್ ತಿರುಗಿಸಿ ನೋಡುತ್ತಾನೆ. ಗುಟ್ಟು ಎಂತ ಉಂಟು ಅದರಲ್ಲಿ? ಈ ಮುಂಬಯಿಯವರು ಹೇಳಿದ್ದನ್ನು ನಾನೂ ಒಪ್ಪುತ್ತೇನೆ.

ಕಂಕನಾಡಿ ಫ್ರಿಜ್ · ಮೇ 12, ಸಂಜೆ 7.30

ನಾನು ಫ್ರಿಜ್, ಎಸಿ ರಿಪೇರಿ ಮಾಡುವವನು. ನನಗೆ ಇನ್‌ಸ್ಟಾದಿಂದ ಇಷ್ಟು ವರ್ಷದಲ್ಲಿ ಒಂದು ಕೆಲಸವೂ ಬಂದಿಲ್ಲ. ಫ್ರಿಜ್ ಕೆಟ್ಟವನು ರೀಲ್ಸ್ ನೋಡುತ್ತಾ ಕೂರುವುದಿಲ್ಲ, ಗೂಗಲ್ ಮಾಡುತ್ತಾನೆ. ನನ್ನ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ಗೂಗಲ್ ಮ್ಯಾಪ್‌ನಿಂದ. ಅದಕ್ಕೆ ಒಂದು ಪೈಸೆ ಖರ್ಚಿಲ್ಲ.

ಗೂಗಲ್ ಬಿಸಿನೆಸ್ ಪ್ರೊಫೈಲ್ ಅಂತ ಉಂಟು. ಮೊದಲು ಗೂಗಲ್ ಮೈ ಬಿಸಿನೆಸ್ ಅಂತಿತ್ತು, 2021ರಲ್ಲಿ ಹೆಸರು ಬದಲಾಯಿತು. ಅಕ್ಕ, ನಿಮ್ಮ ಮನೆಗೆ ಬಂದು ತೆಗೆದುಕೊಂಡು ಹೋಗುವವರು ಇದ್ದಾರಾ? ಇದ್ದರೆ ನಿಮಗೂ ಅದು ಸಿಗುತ್ತದೆ. ಗಿರಾಕಿಯ ಮುಖವನ್ನೇ ನೋಡದ, ಬರೀ ಆನ್‌ಲೈನ್ ವ್ಯಾಪಾರಕ್ಕೆ ಗೂಗಲ್ ಆ ಪ್ರೊಫೈಲ್ ಕೊಡುವುದಿಲ್ಲ. ನನ್ನ ಹಾಗೆ ಮನೆಮನೆಗೆ ಹೋಗುವವರು ವಿಳಾಸ ಅಡಗಿಸಿ ಯಾವ ಯಾವ ಊರಿಗೆ ಹೋಗುತ್ತೇವೆ ಅಂತ ಮಾತ್ರ ಕೊಡಬಹುದು, 20 ಜಾಗದವರೆಗೆ.

ಒಂದು ತಪ್ಪು ನಾನು ಮಾಡಿದ್ದೆ, ನೀವು ಮಾಡಬೇಡಿ. ಹೆಸರಿನ ಜಾಗದಲ್ಲಿ ಅಂಗಡಿ ಹೆಸರಿನ ಜೊತೆ "ಬೆಸ್ಟ್ ಎಸಿ ರಿಪೇರಿ ಮಂಗಳೂರು ಸುರತ್ಕಲ್ ಉಳ್ಳಾಲ" ಅಂತ ಉದ್ದಕ್ಕೆ ತುರುಕಿದ್ದೆ. ಯಾರೋ ಹೇಳಿಕೊಟ್ಟಿದ್ದು. ಒಂದು ದಿನ ಪ್ರೊಫೈಲೇ ಮಾಯ. ನಿಯಮದ ಪ್ರಕಾರ ಬೋರ್ಡಿನಲ್ಲಿ ಇರುವ ಹೆಸರು ಮಾತ್ರ ಹಾಕಬೇಕು. ಮತ್ತೆ ಬರುವಾಗ ಏಪ್ರಿಲ್ ಮುಗಿದಿತ್ತು. ಏಪ್ರಿಲ್ ಅಂದರೆ ನಮಗೆ ಎಸಿ ಸೀಸನ್. ಲೆಕ್ಕ ಹಾಕಿ ನೋಡಿ.

ಮಣಿಪಾಲ ಮೆಸ್ · ಮೇ 12, ರಾತ್ರಿ 10.10

ಮ್ಯಾಪ್‌ನಲ್ಲಿ ಜಾಗ ತೋರಿಸುವ ಪಿನ್ ಕೂಡ ಸರಿ ಇದೆಯಾ ನೋಡಿ. ನಮ್ಮ ಮೆಸ್ಸಿನ ಪಿನ್ ಎರಡು ವರ್ಷ ಹಿಂದಿನ ರಸ್ತೆಯಲ್ಲಿ ಇತ್ತು. ಮಕ್ಕಳು ಯಾರದೋ ಮನೆಯ ಗೇಟು ತಟ್ಟಿ ಊಟ ಕೇಳುತ್ತಿದ್ದರು. ಆ ಮನೆಯ ಅಜ್ಜ ಬಂದು ಬೈದ ಮೇಲೆ ನಮಗೆ ಗೊತ್ತಾದದ್ದು.

ರಿವ್ಯೂ ವಿಷಯಕ್ಕೂ ಒಂದು ಮಾತು. ಒಬ್ಬ ಹುಡುಗ ಸಾರು ನೀರು ಅಂತ ಒಂದು ಸ್ಟಾರ್ ಕೊಟ್ಟ. ನಾನು ರಾತ್ರಿ 12 ಗಂಟೆಗೆ ಕೋಪದಲ್ಲಿ ಅವನ ತಿಂಗಳ ಬಾಕಿಯ ಲೆಕ್ಕ ಎಲ್ಲ ಬರೆದು ಉತ್ತರ ಹಾಕಿದೆ. ಅದರ ಸ್ಕ್ರೀನ್‌ಶಾಟ್ ಇಡೀ ಹಾಸ್ಟೆಲ್ ತಿರುಗಿತು! ಈಗ ಉತ್ತರ ಬರೆಯುವುದು ಬೆಳಿಗ್ಗೆ ಚಾ ಕುಡಿದ ಮೇಲೆ ಮಾತ್ರ.

ದರ್ಜಿ ಅಂಗಡಿ ಸುರತ್ಕಲ್ · ಮೇ 13, ಬೆಳಿಗ್ಗೆ 11.00

ರಿವ್ಯೂ ಬರೆದವರಿಗೆ ಡಿಸ್ಕೌಂಟ್ ಕೊಡಬಹುದಾ?

ಕದ್ರಿ ಗುಡ್ಡೆ · ಮೇ 13, ಬೆಳಿಗ್ಗೆ 11.40

ಕೊಡಬಾರದು. ಗೂಗಲ್ ನಿಯಮಕ್ಕೆ ವಿರುದ್ಧ. ಕೇಳುವುದರಲ್ಲಿ ತಪ್ಪಿಲ್ಲ. ಬ್ಲೌಸ್ ಹಾಕಿಕೊಂಡು ಕನ್ನಡಿ ನೋಡಿ ನಗುತ್ತಾರಲ್ಲ, ಆಗ ಕೇಳಿ. ಆಮೇಲೆ ಮೆಸೇಜ್ ಹಾಕಿದರೆ ಯಾರೂ ಬರೆಯುವುದಿಲ್ಲ.

ದರ್ಜಿ ಅಂಗಡಿ ಸುರತ್ಕಲ್ · ಮೇ 13, ಮಧ್ಯಾಹ್ನ 12.30

ಸರಿ ಸರ್. ಸೊಳೆ ಅಕ್ಕನಿಗೆ ನನ್ನ ಕಥೆಯೂ ಉಪಯೋಗಕ್ಕೆ ಬರಬಹುದು. ಮೂರು ವರ್ಷದ ಹಿಂದೆ ಒಬ್ಬರಿಗೆ ತಿಂಗಳಿಗೆ 5,000 ಕೊಟ್ಟು ಪೇಜ್ ಮಾಡಿಸಿದೆ. ಹೆಸರು ಹೇಳುವುದಿಲ್ಲ. ಅವರು ಪೇಜು, ಗೂಗಲ್ ಪ್ರೊಫೈಲು ಎಲ್ಲ ಅವರದೇ ಇಮೇಲ್‌ನಲ್ಲಿ ತೆರೆದರು. ನನಗೆ ಪಾಸ್‌ವರ್ಡ್ ಕೂಡ ಇಲ್ಲ. ಬೇಡ ಅಂತ ನಿಲ್ಲಿಸಿದ ಮೇಲೆ ಅವರು ಫೋನ್ ಎತ್ತುವುದಿಲ್ಲ. ಈಗಲೂ ಮ್ಯಾಪ್‌ನಲ್ಲಿ ನನ್ನ ಹಳೆಯ ನಂಬರ್. ಎರಡು ಸಾವಿರ ಫಾಲೋವರ್ಸ್ ಇದ್ದ ಪೇಜ್ ಬಿಟ್ಟು ಹೊಸದು ಶುರು ಮಾಡಿದೆ.

ಕದ್ರಿ ಗುಡ್ಡೆ · ಮೇ 13, ಮಧ್ಯಾಹ್ನ 1.20

ನಮ್ಮ ಲೈನಿನಲ್ಲಿ ಇಂಥವರು ಇದ್ದಾರೆ, ಸುಳ್ಳು ಹೇಳುವುದಿಲ್ಲ. ಇನ್‌ಸ್ಟಾ ಪೇಜ್ ತಿರುಗಿ ಸಿಗುವುದು ಕಷ್ಟ. ಗೂಗಲ್ ಪ್ರೊಫೈಲ್ ಹಾಗಲ್ಲ. ಮ್ಯಾಪ್‌ನಲ್ಲಿ ನಿಮ್ಮ ಅಂಗಡಿ ತೆರೆದು, ಇದು ನನ್ನದು ಅಂತ ಒಡೆತನ ಕೇಳಿ ಅರ್ಜಿ ಹಾಕಬಹುದು. ಈಗ ಇಟ್ಟುಕೊಂಡವರು ಕೆಲವು ದಿನದಲ್ಲಿ ಉತ್ತರ ಕೊಡದಿದ್ದರೆ ನೀವೇ ದೃಢಪಡಿಸಿ ತೆಗೆದುಕೊಳ್ಳುವ ದಾರಿ ಸಾಮಾನ್ಯವಾಗಿ ತೆರೆಯುತ್ತದೆ. ಅಂಗಡಿಯ ಬೋರ್ಡು, ಒಳಗಿನ ಮಿಷನ್ ಎಲ್ಲ ವಿಡಿಯೋ ತೆಗೆಯಲು ಹೇಳಬಹುದು, ಹೆದರಬೇಡಿ.

ಯಾರಿಗೇ ಕೆಲಸ ಕೊಟ್ಟರೂ ಖಾತೆ ನಿಮ್ಮ ಇಮೇಲ್‌ನಲ್ಲಿ ಇರಲಿ. ಅವರನ್ನು ಮ್ಯಾನೇಜರ್ ಅಂತ ಸೇರಿಸಿ. ಮನೆಯ ಕೀಲಿ ಕೆಲಸದವನಿಗೆ ಕೊಡಬಹುದು, ಮನೆಯ ದಾಖಲೆಪತ್ರ ಕೊಡುತ್ತೀರಾ?

ಮಲ್ಪೆ ಹೋಂಸ್ಟೇ · ಮೇ 14, ರಾತ್ರಿ 8.45

ಎಲ್ಲರೂ ಹೇಗೆ ಅಂತ ಹೇಳುತ್ತಿದ್ದೀರಿ, ಯಾವಾಗ ಅಂತ ಯಾರೂ ಹೇಳಿಲ್ಲ. ನಮ್ಮ ಕಡೆ ವ್ಯಾಪಾರ ಅಂದರೆ ಪಂಚಾಂಗ. ಮಳೆಗಾಲದಲ್ಲಿ ಸೈಂಟ್ ಮೇರೀಸ್ ದ್ವೀಪಕ್ಕೆ ಬೋಟು ನಿಲ್ಲುತ್ತದೆ. ನಾನು ಜೂನ್ ಬಂದ ಕೂಡಲೇ ಜಾಹೀರಾತು ಪೂರ್ತಿ ಬಂದ್ ಮಾಡುತ್ತೇನೆ. ಹೋದ ಜನವರಿಯಲ್ಲಿ ಉಡುಪಿ ಕೃಷ್ಣ ಮಠದ ಪರ್ಯಾಯ ಉತ್ಸವ ಇತ್ತು, ಆಗ ಜಾಹೀರಾತೇ ಬೇಕಾಗಲಿಲ್ಲ. ರೂಮು ಇಲ್ಲ ಅಂತ ಹೇಳಿ ಹೇಳಿ ಸಾಕಾಯಿತು.

ಅಕ್ಕ ನಮಗೆ ಉಲ್ಟಾ. ಬೇಸಿಗೆಯಲ್ಲಿ ಇಲ್ಲಿ ಎಲ್ಲರ ಅಂಗಳದಲ್ಲೂ ಹಪ್ಪಳವೇ. ಈಗ ಯಾರು ದುಡ್ಡು ಕೊಟ್ಟು ಕೊಳ್ಳುತ್ತಾರೆ? ಜುಲೈ ನಡುವೆ ಶುರುವಾಗುವ ತುಳುವಿನ ಆಟಿ ತಿಂಗಳು ಬರಲಿ. ಹೊರಗೆ ಮಳೆ ಹೊಯ್ಯಬೇಕು, ಸಂಜೆ ನಾಲ್ಕೂವರೆ ಆಗಿರಬೇಕು, ಕರೆಂಟ್ ಹೋಗಿದ್ದರೆ ಇನ್ನೂ ಒಳ್ಳೆಯದು. ಆಗ ಎಣ್ಣೆಯಲ್ಲಿ ಹಪ್ಪಳ ಅರಳುವ ಹತ್ತು ಸೆಕೆಂಡಿನ ವಿಡಿಯೋ ಹಾಕಿ ನೋಡಿ.

ಅಂಧೇರಿ ಬಾಡಿಗೆ ಮನೆ · ಮೇ 14, ರಾತ್ರಿ 9.05

ಓದಿಯೇ ಬಾಯಲ್ಲಿ ನೀರು ಬಂತು ಮಾರಾಯ್ರೆ. ಮೇ ತಿಂಗಳನ್ನು ಬಿಡಬೇಡಿ ಅಕ್ಕ. ರಜೆಗೆ ನಾವೆಲ್ಲ ಊರಿಗೆ ಬಂದಿರುತ್ತೇವೆ. ಮತ್ಸ್ಯಗಂಧಾ ರೈಲಿನಲ್ಲಿ ವಾಪಸು ಹೋಗುವಾಗ ಬ್ಯಾಗಿನಲ್ಲಿ ಹಪ್ಪಳ ಇಲ್ಲದವರು ಯಾರು? ಆಗ ಪ್ಯಾಕೆಟ್ ಒಳಗೆ ನಿಮ್ಮ ವಾಟ್ಸಾಪ್ ನಂಬರಿನ ಚೀಟಿ ಇರಲಿ. ಜುಲೈಯಲ್ಲಿ ಹಪ್ಪಳ ಮುಗಿದಾಗ ಆ ಚೀಟಿ ಹುಡುಕುತ್ತೇವೆ.

ಹಲಸಿನ ಸೊಳೆ · ಮೇ 15, ಬೆಳಿಗ್ಗೆ 6.15

ಚೀಟಿ ನಾಳೆಯೇ ಹಾಕುತ್ತೇನೆ. ವಾಟ್ಸಾಪ್ ಬಿಸಿನೆಸ್ ಆಪ್ ಹಾಕಿದೆ, ಕ್ಯಾಟಲಾಗ್‌ನಲ್ಲಿ ಬೆಲೆ ಸಮೇತ ಆರು ಐಟಂ ಸೇರಿಸಿದೆ. ಒಂದು ಸಂಶಯ. ನನ್ನ ಹತ್ತಿರ ಹಳೆಯ ಗಿರಾಕಿಗಳ 180 ನಂಬರ್ ಉಂಟು. ಒಂದೇ ಮೆಸೇಜನ್ನು ಎಲ್ಲರಿಗೂ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್ ಮಾಡಿದರೆ ತುಂಬ ಜನರಿಗೆ ಹೋಗುವುದೇ ಇಲ್ಲ, ಒಂದೇ ಟಿಕ್. ಯಾಕೆ?

ಕಂಕನಾಡಿ ಫ್ರಿಜ್ · ಮೇ 15, ಬೆಳಿಗ್ಗೆ 7.50

ಅವರ ಫೋನಿನಲ್ಲಿ ನಿಮ್ಮ ನಂಬರ್ ಸೇವ್ ಆಗಿರಬೇಕು. ಇಲ್ಲದಿದ್ದರೆ ಬ್ರಾಡ್‌ಕಾಸ್ಟ್ ತಲುಪುವುದಿಲ್ಲ. ಒಂದು ಲಿಸ್ಟಿಗೆ 256 ಜನ. ನಾನು ಬಿಲ್ ಕೊಡುವಾಗಲೇ "ನಂಬರ್ ಸೇವ್ ಮಾಡಿಕೊಳ್ಳಿ, ಗ್ಯಾರಂಟಿಗೆ ಬೇಕಾಗುತ್ತದೆ" ಅನ್ನುತ್ತೇನೆ. ಎಲ್ಲರೂ ಸೇವ್ ಮಾಡುತ್ತಾರೆ!

ಗ್ರೂಪ್ ಮಾತ್ರ ಮಾಡಬೇಡಿ. ಬೆಳಿಗ್ಗೆ ಐದಕ್ಕೆ ಶುರು, ಗುಡ್ ಮಾರ್ನಿಂಗ್ ಹೂವು.

ಬಂದರಿನ ಗೋಣಿ · ಮೇ 15, ಬೆಳಿಗ್ಗೆ 10.30

ಇದು ಬಾಯಿಂದ ಬಾಯಿಗೆ ಹೋಗುವುದೇ ಅಲ್ವಾ? ನಾನು ಮೊದಲೇ ಹೇಳಿದ್ದು ಅದೇ. ನೀವು ಅದಕ್ಕೆ ಆನ್‌ಲೈನ್ ಅಂತ ಹೆಸರು ಇಟ್ಟಿದ್ದೀರಿ ಅಷ್ಟೇ.

ಮಣಿಪಾಲ ಮೆಸ್ · ಮೇ 15, ಬೆಳಿಗ್ಗೆ 10.45

ಹೌದು ಅಣ್ಣ, ಬಾಯಿ ಈಗ ಫೋನಿನಲ್ಲಿ ಉಂಟು.

ಪಡುಬಿದ್ರಿ ಪುನರ್ಪುಳಿ · ಮೇ 16, ಸಂಜೆ 6.20

ಭಾಷೆಯ ವಿಷಯ ಯಾರಾದರೂ ಹೇಳಿ. ನಾನು ಪುನರ್ಪುಳಿ ಶರಬತ್ತು ಮಾರುತ್ತೇನೆ. ತುಳುವಿನಲ್ಲಿ ಮಾತಾಡಿದ ವಿಡಿಯೋ ಕನ್ನಡದ್ದಕ್ಕಿಂತ ಎರಡು ಪಟ್ಟು ಜಾಸ್ತಿ ಹೋಗುತ್ತದೆ. ಶೇರ್ ಮಾಡುವವರು ಎಲ್ಲ ನಮ್ಮವರೇ. ಬೆಂಗಳೂರಿನ ಬೇರೆ ಗಿರಾಕಿಗಳಿಗೆ ಅರ್ಥ ಆಗುವುದಿಲ್ಲ ಅಂತ ಗಂಡನ ತಕರಾರು.

ಕದ್ರಿ ಗುಡ್ಡೆ · ಮೇ 16, ರಾತ್ರಿ 8.00

ಮಾತು ತುಳುವಿನಲ್ಲೇ ಇರಲಿ, ಅದರಲ್ಲಿ ಜೀವ ಉಂಟು. ಪರದೆಯ ಮೇಲೆ ಕನ್ನಡದಲ್ಲಿ ಬರೆಯಿರಿ. ಕ್ಯಾಪ್ಶನ್‌ನಲ್ಲಿ ಪುನರ್ಪುಳಿ, ಕೋಕಂ ಎರಡೂ ಹೆಸರು ಹಾಕಿ, ಇಂಗ್ಲಿಷ್ ಅಕ್ಷರದಲ್ಲಿ ಕೂಡ ಒಮ್ಮೆ. ಜನ ಕನ್ನಡ ಪದವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಹುಡುಕುವುದು ಜಾಸ್ತಿ. ಸೊಳೆ ಅಕ್ಕನಿಗೂ ಇದೇ ಮಾತು.

ಹಾಡಿನ ಬಗ್ಗೆ ಕೂಡ. ಬಿಸಿನೆಸ್ ಅಕೌಂಟಿಗೆ ಇನ್‌ಸ್ಟಾ ಸಿನಿಮಾ ಹಾಡುಗಳನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಬೇರೆ ಕಡೆಯಿಂದ ಕದ್ದು ಹಾಕಿದರೆ ಸದ್ದು ತೆಗೆದುಬಿಡುವುದೂ ಉಂಟು. ಹಪ್ಪಳಕ್ಕೆ ಹಾಡು ಯಾಕೆ? ಮುರಿಯುವ ಸದ್ದು ಸಾಕು.

ಹಲಸಿನ ಸೊಳೆ · ಜೂನ್ 9, ರಾತ್ರಿ 9.30

ಅರ್ಜೆಂಟ್. ಇವತ್ತು ಒಬ್ಬರು ವಾಟ್ಸಾಪ್ ಮಾಡಿದರು. ಮಿಲಿಟರಿ ಕ್ಯಾಂಟೀನಿಗೆ 100 ಕಟ್ಟು ಬೇಕಂತೆ. ರೇಟ್ ಕೂಡ ಚೌಕಾಸಿ ಮಾಡಲಿಲ್ಲ. ಯೂನಿಫಾರ್ಮ್ ಹಾಕಿದ ಫೋಟೋ, ಐಡಿ ಕಾರ್ಡ್ ಎಲ್ಲ ಕಳಿಸಿದರು. ಅಡ್ವಾನ್ಸ್ ಹಾಕುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅನ್ನುತ್ತಿದ್ದಾರೆ. ಅತ್ತೆ ಭಾರೀ ಖುಷಿಯಲ್ಲಿದ್ದಾರೆ. ನನಗೆ ಯಾಕೋ ಸಂಶಯ.

ಕಂಕನಾಡಿ ಫ್ರಿಜ್ · ಜೂನ್ 9, ರಾತ್ರಿ 9.33

ಮುಟ್ಟಬೇಡಿ!! ದುಡ್ಡು ಬರಲು ಪಿನ್ ಬೇಡ. ಪಿನ್ ಒತ್ತಿದರೆ ನಿಮ್ಮ ಖಾತೆಯಿಂದ ಹೋಗುವುದೇ.

ಮಲ್ಪೆ ಹೋಂಸ್ಟೇ · ಜೂನ್ 9, ರಾತ್ರಿ 9.41

ನನಗೂ ಇಂಥದ್ದೇ ಬಂದಿತ್ತು, ಎಂಟು ರೂಮು ಒಂದು ವಾರಕ್ಕೆ. ಬ್ಲಾಕ್ ಮಾಡಿ. ಅಪ್ಪಿತಪ್ಪಿ ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಹಲಸಿನ ಸೊಳೆ · ಜೂನ್ 9, ರಾತ್ರಿ 9.58

ಬ್ಲಾಕ್ ಮಾಡಿದೆ. ಕೈ ಇನ್ನೂ ನಡುಗುತ್ತಿದೆ. ಅತ್ತೆಗೆ ಹೇಗೆ ಹೇಳುವುದು ಅಂತ ಗೊತ್ತಾಗುತ್ತಿಲ್ಲ, ಆಗಲೇ ಕಟ್ಟು ಎಣಿಸಲು ಕೂತಿದ್ದರು.

ಬಂದರಿನ ಗೋಣಿ · ಜೂನ್ 10, ಬೆಳಿಗ್ಗೆ 8.15

ಚೌಕಾಸಿ ಮಾಡದ ಗಿರಾಕಿಯನ್ನು ನಂಬಬಾರದು. ಇದು ಆನ್‌ಲೈನ್ ಬರುವುದಕ್ಕಿಂತ ಹಳೆಯ ಪಾಠ.

ಮತ್ತೆ ಲೆಕ್ಕ ಇಟ್ಟುಕೊಳ್ಳಿ. 2025ರ ಜುಲೈಯಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಬಂದದ್ದು ನೆನಪುಂಟಲ್ಲ? ನಮ್ಮ ರಾಜ್ಯದೊಳಗೇ ವರ್ಷಕ್ಕೆ 40 ಲಕ್ಷದ ಒಳಗೆ ಸಾಮಾನು ಮಾರುವವರಿಗೆ ಹೆದರಿಕೆ ಇಲ್ಲ, ಹಪ್ಪಳಕ್ಕೆ ತೆರಿಗೆಯೂ ಇಲ್ಲ. ಆದರೆ ಮನೆಯ ದುಡ್ಡು, ವ್ಯಾಪಾರದ ದುಡ್ಡು ಒಂದೇ ಖಾತೆಯಲ್ಲಿ ಕಲಸಿದರೆ ಆಮೇಲೆ ಬಿಡಿಸುವುದು ಕಷ್ಟ. ಪ್ಯಾಕೆಟ್ ಮೇಲೆ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನಂಬರ್ ಉಂಟಲ್ಲ? 14 ಅಂಕೆಯದ್ದು. ಅದನ್ನು ಫೋಟೋದಲ್ಲಿ ಕಾಣುವ ಹಾಗೆ ಇಡಿ. ದೂರದವನಿಗೆ ನಂಬಿಕೆ ಬರುವುದು ಅಂಥದ್ದರಿಂದ.

ಹಲಸಿನ ಸೊಳೆ · ಜುಲೈ 19, ಮಧ್ಯಾಹ್ನ 3.10

ತುಂಬ ದಿನ ಆಯಿತು, ವರದಿ ಒಪ್ಪಿಸುತ್ತೇನೆ. ನಂಬರ್ ಉಂಟು, ಈಗ ಎಲ್ಲ ಕಡೆ ಕಾಣುತ್ತದೆ.

ಜೂನ್ 1ರಿಂದ ಇವತ್ತಿನವರೆಗೆ 61 ಆರ್ಡರ್. ಪ್ರತಿಯೊಬ್ಬರ ಹತ್ತಿರ "ನಮ್ಮ ಬಗ್ಗೆ ಹೇಗೆ ಗೊತ್ತಾಯಿತು" ಅಂತ ಕೇಳಿ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ. ವಾಟ್ಸಾಪ್ ಸ್ಟೇಟಸ್ ನೋಡಿದ ಹಳೆಯ ಗಿರಾಕಿಗಳು 27. ಗೂಗಲ್ ಮ್ಯಾಪ್‌ನಿಂದ 14, ಜಾಸ್ತಿ ಹೈವೇಯಲ್ಲಿ ಕಾರಿನಲ್ಲಿ ಹೋಗುವವರು. ಚೀಟಿ ನೋಡಿ ಮುಂಬಯಿಯಿಂದ 11. ಮತ್ತೆ ಜಾಹೀರಾತಿಗೆ 1,500 ಹಾಕಿದ್ದೆ, ವಾಟ್ಸಾಪ್‌ನದ್ದು, ಬೆಂಗಳೂರಿಗೆ ಮಾತ್ರ. ಅದರಿಂದ 6. ಬಾಕಿ ಮೂವರು "ಗೊತ್ತಿಲ್ಲ, ಹೀಗೇ" ಅಂದರು.

ಮಳೆ ದಿನದ ಹಪ್ಪಳದ ವಿಡಿಯೋ ಹಾಕಿದೆ, ಹಾಡಿಲ್ಲದೆ. ವ್ಯೂ ಬರೀ 900. ಆದರೆ ಅದೇ ಸಂಜೆ ನಾಲ್ಕು ಆರ್ಡರ್. ಅತ್ತೆಗೆ ತೋರಿಸಿದೆ.

ಹೊಸ ಸಮಸ್ಯೆ ಕೂಡ ಉಂಟು. ಕಳಿಸಿದ ಮೊದಲ ಹತ್ತರಲ್ಲಿ ಮೂರು ಪಾರ್ಸೆಲ್‌ನ ಹಪ್ಪಳ ಪುಡಿ. ಮೂವರಿಗೂ ತಿರುಗಿ ಕಳಿಸಿದೆ, ಲಾಭ ಅಲ್ಲಿಗೆ ಹೋಯಿತು. ಈಗ ಕಟ್ಟನ್ನು ಬಾಳೆನಾರಿನಲ್ಲಿ ಬಿಗಿಯಾಗಿ ಕಟ್ಟಿ, ಮೇಲೆ ಕೆಳಗೆ ದಪ್ಪ ರಟ್ಟು ಇಟ್ಟು, ಅಲುಗದ ಹಾಗೆ ಪೇಪರ್ ತುಂಬಿಸಿ ಸ್ಪೀಡ್ ಪೋಸ್ಟ್ ಮಾಡುತ್ತೇನೆ. ಆಮೇಲೆ ಒಂದೂ ಮುರಿದಿಲ್ಲ.

ಕದ್ರಿ ಗುಡ್ಡೆ · ಜುಲೈ 19, ಮಧ್ಯಾಹ್ನ 3.40

ಆ ನೋಟ್‌ಬುಕ್ ಜೋಪಾನ ಅಕ್ಕ. ನನ್ನ ದೊಡ್ಡ ಗಿರಾಕಿಗಳ ಹತ್ತಿರ ಕೂಡ ಅಷ್ಟು ಸರಿಯಾದ ಲೆಕ್ಕ ಇಲ್ಲ. ಜಾಹೀರಾತು ಇನ್ನೂ ಸ್ವಲ್ಪ ಮುಂದುವರಿಸಬಹುದು. 1,500ಕ್ಕೆ ಆರು, ಅಂದರೆ ಒಂದು ಆರ್ಡರಿಗೆ 250. ಒಬ್ಬರು ಎಷ್ಟು ಕಟ್ಟು ತೆಗೆದುಕೊಳ್ಳುತ್ತಾರೆ ನೋಡಿ, ಒಂದೇ ಆದರೆ ನಷ್ಟ.

ಹಲಸಿನ ಸೊಳೆ · ಜುಲೈ 19, ಸಂಜೆ 4.20

ಜಾಹೀರಾತು ನಿಲ್ಲಿಸಿದೆ. ಡಬ್ಬಿಯಲ್ಲಿ ಉಳಿದದ್ದು 38 ಕಟ್ಟು. ಈ ವರ್ಷದ ಹಲಸು ಮುಗಿಯಿತು, ಬಿಸಿಲೂ ಇಲ್ಲ. ಅಂಗಡಿಯವರು ಫೋನ್ ಮಾಡಿ ಮಾಲು ಯಾಕೆ ಕಳಿಸಲಿಲ್ಲ ಅಂತ ಕೇಳಿದರು. ಹಳೆಯ ಬಾಕಿ ಬರಲಿ ಅಂದೆ. ಮರುದಿನ ಹಾಕಿದರು!

ಅಂಧೇರಿ ಬಾಡಿಗೆ ಮನೆ · ಜುಲೈ 19, ಸಂಜೆ 4.35

38ರಲ್ಲಿ ನಾಲ್ಕು ನನಗೆ ಇಡಿ. ರೇಟ್ ಎಷ್ಟು? ಡಿಎಂ ನೋಡಿ ಅಂದರೆ ಜಗಳ ಮಾಡುತ್ತೇನೆ.

ಹಲಸಿನ ಸೊಳೆ · ಜುಲೈ 19, ಸಂಜೆ 4.37

25ರ ಕಟ್ಟಿಗೆ 130. ನಾಲ್ಕಕ್ಕೆ 520, ಅಂಚೆ ಖರ್ಚು ಬೇರೆ. ನಾಳೆ ಭಾನುವಾರ ಅಲ್ಲದಿದ್ದರೆ ನಾಳೆಯೇ ಕಳಿಸುತ್ತಿದ್ದೆ.

ಅಂಧೇರಿ ಬಾಡಿಗೆ ಮನೆ · ಜುಲೈ 19, ಸಂಜೆ 4.38

ಇವತ್ತೇ ಭಾನುವಾರ ಅಕ್ಕ. ನಾಳೆ ಕಳಿಸಿ.